ಓಡುವ ಕ್ವಾರ್ಟರ್‌ಬ್ಯಾಕ್‌ಗೆ ಮುಂದೇನು? ಅಥ್ಲೆಟಿಕ್ ಟ್ರೈನರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಮಿಶಿಗನ್‌ನಲ್ಲಿದ್ದೇವೆ. ಮಗನಿಗೆ 15 ವರ್ಷ, ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. "ಇವನು ಡ್ಯುಯಲ್ ಥ್ರೆಟ್, ಕಾಲೇಜ್ ತಂಡಕ್ಕೆ ಹೋಗಬಹುದು" ಅಂತ ಕೋಚ್ ಹೇಳಿದ್ದಾರೆ; ಅಂದರೆ ಎಸೆತ, ಓಟ ಎರಡರಲ್ಲೂ ಅಪಾಯಕಾರಿಯಂತೆ. ನಮ್ಮ ಮನೆಯವರು ಆಗಲೇ ಕುಣಿಯುತ್ತಿದ್ದಾರೆ. ನನಗೆ ಮಾತ್ರ ಪ್ರತಿ ಶುಕ್ರವಾರ ರಾತ್ರಿ ಪಂದ್ಯದ ಹೊತ್ತಿಗೆ ಎದೆ ಡವಡವ. ಈ ತರಹದ ಆಟಗಾರರ ಕಥೆ ಮುಂದೆ ಏನಾಗುತ್ತದೆ? ಮುಚ್ಚುಮರೆ ಇಲ್ಲದೆ ಹೇಳಿ.

ಉತ್ತರ: ಮೇಡಂ, ನೀವು ಮಿಶಿಗನ್ ಅಂದ ಕೂಡಲೇ ನನಗೆ ನೆನಪಾದದ್ದು ಇಲ್ಲಿನ ಕಾಲೇಜ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ಡೆನಾರ್ಡ್ ರಾಬಿನ್ಸನ್. ನಿಮ್ಮ ಪ್ರಶ್ನೆಗೆ ಅವರ ಕಥೆಯೇ ಉತ್ತರ, ಅದನ್ನೇ ಹೇಳುತ್ತೇನೆ.

ಫ್ಲೋರಿಡಾದ ಡಿಯರ್‌ಫೀಲ್ಡ್ ಬೀಚ್‌ನ ಹುಡುಗ. 2009ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಬಂದರು. ಶೂ ಲೇಸ್ ಕಟ್ಟದೆ ಆಡುತ್ತಿದ್ದರು, ಹಾಗಾಗಿ 'ಶೂಲೇಸ್' ಅಂತಲೇ ಅಡ್ಡಹೆಸರು. (ಟ್ರೈನರ್ ಆದ ನನಗೆ ಅದನ್ನು ನೋಡಿದಾಗಲೆಲ್ಲ ಮೈ ಜುಂ ಅನ್ನುತ್ತಿತ್ತು.) 2010ರಲ್ಲಿ ಚೆಂಡು ಎಸೆದು ತಂಡವನ್ನು ಮುಂದೆ ಒಯ್ದದ್ದು 2,570 ಗಜ, ತಾವೇ ಓಡಿ 1,702 ಗಜ. ಒಂದೇ ಸೀಸನ್‌ನಲ್ಲಿ ಎರಡರಲ್ಲೂ 1,500 ದಾಟಿದ ಮೊದಲ ಕಾಲೇಜ್ ಆಟಗಾರ. ಇನ್ನೊಂದು ಮಾತು: ಕಾಲೇಜ್ ಲೆಕ್ಕದಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ, ಆಟ ಶುರುವಾದ ಗೆರೆಯ ಹಿಂದೆ ಕೆಡವಿದರೆ ಆ ನಷ್ಟವನ್ನು ಅವನ ಓಟದಿಂದ ಕಳೆಯುತ್ತಾರೆ. ಅದನ್ನೆಲ್ಲ ಕಳೆದ ಮೇಲೆ ಉಳಿದದ್ದು 1,702!

ಆಗ ಕೋಚ್ ರಿಚ್ ರಾಡ್ರಿಗೆಜ್. ಅವರ ತಂತ್ರ ಹೀಗಿತ್ತು. ಎದುರಾಳಿ ಸಾಲಿನ ತುದಿಯಲ್ಲಿ ನಿಂತವನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಅವನು ಕ್ವಾರ್ಟರ್‌ಬ್ಯಾಕ್ ಪಕ್ಕದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಮೇಲೆ ನುಗ್ಗಿದರೆ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಾನೇ ಇಟ್ಟುಕೊಂಡು ಓಡುತ್ತಾನೆ. ಎದುರಾಳಿ ನಿಂತಲ್ಲೇ ಕಾದರೆ ಚೆಂಡನ್ನು ರನ್ನಿಂಗ್ ಬ್ಯಾಕ್‌ಗೆ ಕೊಟ್ಟುಬಿಡುತ್ತಾನೆ. ಕಬಡ್ಡಿಯಲ್ಲಿ ರೈಡರ್ ಕಾರ್ನರ್‌ನವನ ಕಾಲು ನೋಡುತ್ತಾ ಲೆಕ್ಕ ಹಾಕುತ್ತಾನಲ್ಲ, ಹಾಗೆ. ಇದೇ ರಾಡ್ರಿಗೆಜ್ ಮೊದಲು ವೆಸ್ಟ್ ವರ್ಜೀನಿಯಾದಲ್ಲಿ ಪ್ಯಾಟ್ ವೈಟ್‌ನನ್ನು ಬೆಳೆಸಿದ್ದರು. ವೈಟ್ ಕಾಲೇಜಿನಲ್ಲಿ ಓಡಿದ್ದು 4,480 ಗಜ, ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಆಗ ಅದೇ ದಾಖಲೆ. ಆ ದಾಖಲೆ ಮುರಿದದ್ದು ಯಾರು? ರಾಬಿನ್ಸನ್, 4,495. ಇದನ್ನು ಕಾಕತಾಳೀಯ ಅಂತ ನಾನಂತೂ ಒಪ್ಪುವುದಿಲ್ಲ.

2010ರ ಸೀಸನ್ ಮುಗಿದ ಮೇಲೆ ರಾಡ್ರಿಗೆಜ್‌ರನ್ನು ತೆಗೆದರು. ಹೊಸ ಕೋಚ್ ಬ್ರೇಡಿ ಹೋಕ್ ಕಾಲದಲ್ಲಿ ಎಸೆತದ ಹೊರೆ ಬೇರೆ ತರಹದ್ದಾಯಿತು. ತಂಡವೇನೋ 11 ಪಂದ್ಯ ಗೆದ್ದಿತು, ಡಿಫೆನ್ಸ್ ಗಟ್ಟಿಯಾಗಿತ್ತು. ಆದರೆ ರಾಬಿನ್ಸನ್ ಓಟ 1,176ಕ್ಕೆ ಇಳಿಯಿತು, ಎಸೆದ ಚೆಂಡುಗಳಲ್ಲಿ 15 ಎದುರಾಳಿಗಳ ಕೈಸೇರಿದವು. ಹುಡುಗ ಅದೇ, ಕಾಲು ಅದೇ. ಕೇಳುತ್ತಿದ್ದ ಕೆಲಸ ಮಾತ್ರ ಬೇರೆ.

ಇನ್ನು ನನ್ನ ಕಸುಬಿನ ವಿಷಯ, ಅಂದರೆ ಗಾಯ. 2012ರ ಅಕ್ಟೋಬರ್, ನೆಬ್ರಾಸ್ಕಾ ವಿರುದ್ಧದ ಪಂದ್ಯ. ಎಸೆಯುವ ಕೈಯ ಮೊಣಕೈ ನರಕ್ಕೆ ಪೆಟ್ಟು ಬಿತ್ತು. ಮೊಣಕೈ ಬಾಗಿಲಿಗೆ ತಾಗಿದರೆ ಕಿರುಬೆರಳಿನವರೆಗೆ ಕರೆಂಟ್ ಹೊಡೆದ ಹಾಗಾಗುತ್ತದಲ್ವಾ? ಅದೇ ನರ. ಅದು ಸರಿಯಿಲ್ಲದಿದ್ದರೆ ಚೆಂಡಿನ ಮೇಲೆ ಹಿಡಿತವೇ ಸಿಗುವುದಿಲ್ಲ. ಎರಡು ಪಂದ್ಯ ಕೂತು ವಾಪಸ್ ಬಂದರು, ಆದರೆ ಹೆಚ್ಚಾಗಿ ಓಟಗಾರನಾಗಿ. 2013ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜ್ ಆಟಗಾರರನ್ನು ಸರದಿಯಂತೆ ಆರಿಸುವುದು) ಜ್ಯಾಕ್ಸನ್‌ವಿಲ್ ತಂಡ 5ನೇ ಸುತ್ತಿನಲ್ಲಿ ಅವರನ್ನು ತೆಗೆದುಕೊಂಡದ್ದೂ ಓಡುವುದಕ್ಕೇ. ಕ್ವಾರ್ಟರ್‌ಬ್ಯಾಕ್ ಕೆಲಸ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ. ಅಲ್ಲಿ ನಾಲ್ಕು ಸೀಸನ್ ಆಡಿದರು.

ಪ್ರಶ್ನೆ (ಇನ್ನೊಬ್ಬ ಸದಸ್ಯ): ಸುಮ್ನೆ ಹೆದರಿಸಬೇಡಿ ಸರ್. ಓಡುತ್ತಲೇ ಗೆದ್ದ ಲಮಾರ್ ಜ್ಯಾಕ್ಸನ್, ಜೇಲನ್ ಹರ್ಟ್ಸ್ ತರಹದ ಕ್ವಾರ್ಟರ್‌ಬ್ಯಾಕ್‌ಗಳು ಇಲ್ಲವೇ?

ಉತ್ತರ: ಇದ್ದಾರೆ, ಖಂಡಿತ ಇದ್ದಾರೆ. ಜ್ಯಾಕ್ಸನ್ ಲೂಯಿವಿಲ್ ಕಾಲೇಜಿನಿಂದ 2016ರ ಹೈಸ್ಮನ್ (ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿ) ಗೆದ್ದಾಗ ವಯಸ್ಸು 19. ಆದರೂ 2018ರ ಡ್ರಾಫ್ಟ್‌ನಲ್ಲಿ 32ನೆಯವರಾಗಿ ಆಯ್ಕೆಯಾದರು. ಅವರಿಗಿಂತ ಮೊದಲೇ ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು ಹೋಗಿದ್ದರು. "ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಆಗಲಿ" ಅಂತ ಬುದ್ಧಿ ಹೇಳಿದವರೂ ಇದ್ದರು. ಅವರನ್ನು ಆರಿಸಿದ ಬಾಲ್ಟಿಮೋರ್ ತಂಡ ಮಾತ್ರ ಅವರಿಗೆ ತಕ್ಕ ಆಟ ಕಟ್ಟಿತು. 2019ರಲ್ಲಿ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ), 2023ರಲ್ಲಿ ಮತ್ತೆ ಎಂವಿಪಿ.

ಹರ್ಟ್ಸ್ ಕಥೆ ನನಗೆ ಇನ್ನೂ ಇಷ್ಟ. 2018ರ ಜನವರಿ, ಕಾಲೇಜ್ ಫುಟ್‌ಬಾಲ್‌ನ ರಾಷ್ಟ್ರೀಯ ಫೈನಲ್. ಅರ್ಧ ಪಂದ್ಯ ಮುಗಿದಾಗ ಅಲಬಾಮಾ ಕೋಚ್ ಅವರನ್ನು ಕೂರಿಸಿದರು. ಬದಲಿಗೆ ಬಂದ ಹುಡುಗ ಪಂದ್ಯ ಗೆಲ್ಲಿಸಿಬಿಟ್ಟ. ಇಡೀ ದೇಶ ನೋಡುತ್ತಿರುವಾಗ ಹಾಗಾದರೆ ಯಾರಿಗೆ ತಡೆಯಲು ಸಾಧ್ಯ? ಹರ್ಟ್ಸ್ ಮುನಿಸಿಕೊಂಡು ಬಿಟ್ಟು ಹೋಗಲಿಲ್ಲ. ಇನ್ನೊಂದು ವರ್ಷ ಅಲ್ಲೇ ಇದ್ದು, ಎಸೆತ ತಿದ್ದಿಕೊಂಡು, ಪದವಿ ಮುಗಿಸಿ, ಆಮೇಲೆ ಒಕ್ಲಹೋಮಾಕ್ಕೆ ಹೋದರು. ಅಲ್ಲಿ 3,851 ಗಜ ಎಸೆತ, 1,298 ಗಜ ಓಟ. 2025ರ ಫೆಬ್ರವರಿಯಲ್ಲಿ ಅವರ ಫಿಲಡೆಲ್ಫಿಯಾ ತಂಡ ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಗೆದ್ದಾಗ ಎಂವಿಪಿ ಅವರೇ.

ಪ್ರಶ್ನೆ (ಮೊದಲಿನವರೇ): ಹಾಗಾದರೆ ಕಾಲೇಜಿನವರು ಫೋನ್ ಮಾಡಿದಾಗ ನಾವು ಏನು ಕೇಳಬೇಕು ಸರ್? ಸ್ಕಾಲರ್‌ಶಿಪ್ ಎಷ್ಟು ಅಂತಲೇ?

ಉತ್ತರ: ಅದನ್ನೂ ಕೇಳಿ, ಅದರಲ್ಲಿ ನಾಚಿಕೆ ಏನು. ಆದರೆ ಹಿಂದಿನ ವರ್ಷಗಳ ಕ್ವಾರ್ಟರ್‌ಬ್ಯಾಕ್‌ಗಳು ಪಂದ್ಯಕ್ಕೆ ಎಷ್ಟು ಸಲ ಓಡಿದರು, ಗಾಯದಿಂದ ಎಷ್ಟು ಪಂದ್ಯ ಆಡಲಾಗಲಿಲ್ಲ ಅಂತ ನೀವೇ ನೋಡಿ. ಆ ಲೆಕ್ಕ ಎಲ್ಲರಿಗೂ ಸಿಗುತ್ತದೆ. ತಂತ್ರ ರೂಪಿಸುವ ಸಹಾಯಕ ಕೋಚ್ ಎಷ್ಟು ವರ್ಷದಿಂದ ಇದ್ದಾರೆ ಅಂತಲೂ ವಿಚಾರಿಸಿ. ಈಗ ಕಾಲೇಜ್ ಬದಲಾಯಿಸುವುದು ಮೊದಲಿನಷ್ಟು ಕಷ್ಟವಲ್ಲ, ನಿಜ. ಆದರೆ ಹೊಸ ಊರು, ಹೊಸ ಆಟ, ಹೊಸ ಪಾಠ ಅಂದರೆ ಹುಡುಗನ ಒಂದು ವರ್ಷ ಅದಕ್ಕೇ ಹೋಗುತ್ತದೆ. ಮತ್ತೆ, ಓಡುವಾಗ ಗುದ್ದು ಬೀಳುವ ಮೊದಲೇ ನೆಲಕ್ಕೆ ಜಾರಲು, ಅಂದರೆ ಸ್ಲೈಡ್ ಮಾಡಲು ಅವನಿಗೆ ಬರುತ್ತದೆಯೇ?

ಪ್ರಶ್ನೆ: ಇಲ್ಲ ಸರ್. ಕೇಳಿದರೆ "ಹೆದರುಪುಕ್ಕಲ ಅಂತಾರೆ ಅಮ್ಮ" ಅಂತಾನೆ.

ಉತ್ತರ: ಹಾಗಾದರೆ ಇವತ್ತೇ ಶುರು ಮಾಡಿಸಿ. ಕ್ವಾರ್ಟರ್‌ಬ್ಯಾಕ್ ಕಾಲು ಮುಂದೆ ಚಾಚಿ ಜಾರಿದ ಕೂಡಲೇ ಆಟ ನಿಲ್ಲುತ್ತದೆ. ಆಮೇಲೆ ಬಂದು ಗುದ್ದಿದವನ ತಂಡಕ್ಕೆ 15 ಗಜ ದಂಡ. ಹಿತ್ತಲಿನ ಹುಲ್ಲಿನ ಮೇಲೆ ಟಾರ್ಪಾಲ್ ಹಾಸಿ, ನೀರು ಸುರಿದು, ಬರಿಗಾಲಲ್ಲಿ ಜಾರಲು ಬಿಡಿ. ಮೊದಲು ನಿಧಾನವಾಗಿ ಓಡಿ, ಆಮೇಲೆ ಜೋರಾಗಿ. ಕೈ ಹಿಂದಕ್ಕೆ ಊರಬಾರದು, ಮಣಿಕಟ್ಟು ಹೋಗುತ್ತದೆ. ಚೆಂಡು ಎದೆಗೆ, ಗದ್ದ ಒಳಗೆ. ಬೇಕಿದ್ದರೆ ಒಂದು ವಿಡಿಯೋ ಹಾಕಿ, ನೋಡಿ ಹೇಳುತ್ತೇನೆ.