ಅಪ್‌ಡೇಟ್: ದೇವರ ಮನೆ ಬಾಗ್ಲು ತೆಗ್ದೆ

ಹೋದ್ವರ್ಷ ಕೇಳಿದ್ನಲ್ಲ, 2021ರ ಕೋವಿಡ್‌ನಲ್ಲಿ ಅಪ್ಪ ಹೋದ್ರು, ಕೊನೇ ಸಲ ಮುಖಾನೂ ನೋಡೋಕಾಗ್ಲಿಲ್ಲ, ಆವತ್ತಿಂದ ದೇವರ ಮನೆಗೆ ಕಾಲಿಟ್ಟಿಲ್ಲ, ಏನ್ಮಾಡ್ಲಿ ಅಂತ. ನಿಮ್ಮಲ್ಲೊಬ್ರು ಹೇಳಿದ್ರು ಅಂತ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416ಕ್ಕೆ ಫೋನ್ ಮಾಡ್ದೆ, ದುಡ್ಡೇನಿಲ್ಲ, ಕನ್ನಡದಲ್ಲೇ ಮಾತಾಡಿದ್ರು, ನಾನು ಸುಮಾರು ಹೊತ್ತು ಬರೀ ಅತ್ತೆ, ಆಕಡೆಯೋರು ಫೋನ್ ಇಡ್ಲಿಲ್ಲ. ಆಮೇಲೆ ಮಹಾಲಯ ಅಮಾವಾಸ್ಯೆಗೆ ಅಮ್ಮನ್ನ ಕರ್ಕೊಂಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆ (ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗ್ತಾಳೆ, ಅದಕ್ಕೇ ಆ ಹೆಸ್ರು), ರಶ್ ಅಂದ್ರೆ ರಶ್ಶು, ಪುರೋಹಿತರು ಗೋತ್ರ ಕೇಳಿದ್ರೆ ನಂಗೆ ಬಾಯಿಗೇ ಬರ್ಲಿಲ್ಲ, ಅಮ್ಮನೇ ಹೇಳಿದ್ಲು, ಪಿಂಡ ಬಿಡೋವಾಗ ಕೈ ನಡುಗ್ತಿತ್ತು. ನಂಬಿಕೆ ಪೂರ್ತಿ ವಾಪಸ್ ಬಂತಾ ಅಂದ್ರೆ ಇಲ್ಲ, ಸುಳ್ ಯಾಕೆ ಹೇಳ್ಲಿ. ಆದ್ರೆ ಸಂಜೆ ದೀಪ ಹಚ್ತಿದೀನಿ. ಅಪ್ಪನ ಕನ್ನಡಕ ಇನ್ನೂ ದೇವರ ಗೂಡಲ್ಲೇ ಇದೆ, ನಿನ್ನೆ ಅದ್ರ ಧೂಳು ಒರೆಸ್ದೆ.