ಅಪ್‌ಡೇಟ್: ತಮ್ಮನ ಆಸ್ಟ್ರೇಲಿಯಾ ಮೆಕ್ಯಾನಿಕ್ ಕೆಲಸ, 4 ಲಕ್ಷ ಕೇಳಿದ್ದ ಏಜೆಂಟ್

ಹೋದ ವಾರ ಕೇಳಿದ್ದೆ, ನೆನಪಿದೆಯಲ್ವಾ? ಆಸ್ಟ್ರೇಲಿಯಾದಲ್ಲಿ ಮೆಕ್ಯಾನಿಕ್‌ಗಳ ಕೊರತೆ, ಹೊರದೇಶದವರನ್ನು ತಗೊಳ್ತಿದ್ದಾರೆ ಅಂತ ಒಬ್ಬ ಏಜೆಂಟ್ ಶಿರಸಿಯಲ್ಲಿರುವ ನನ್ನ ತಮ್ಮನ ಹತ್ತಿರ 4 ಲಕ್ಷ ಕೇಳಿದ್ದ, ನಂಬಬಹುದಾ ಅಂತ. ದುಡ್ಡು ಕೊಡಲಿಲ್ಲ, ಬಚಾವ್.

ಇ-ಮೈಗ್ರೇಟ್ (ವಿದೇಶಿ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟರ ಕೇಂದ್ರ ಸರ್ಕಾರದ ತಾಣ) ಪಟ್ಟಿ ನೋಡಿ ಅಂದವರಿಗೆ ದೊಡ್ಡ ನಮಸ್ಕಾರ. ಅದರಲ್ಲಿ ಆ ಏಜೆಂಟ್ ಹೆಸರೇ ಇಲ್ಲ. ನೋಂದಣಿ ಇರುವ ಏಜೆಂಟ್ ಕೂಡ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ. ಅಷ್ಟು ಹೇಳಿದ್ದೇ ತಡ, ಫೋನ್ ಸ್ವಿಚ್ ಆಫ್. ಏಜೆಂಟ್ ಹೇಳಿದ ಕಂಪನಿಗೇ ಮೇಲ್ ಹಾಕಿ ಅಂತಲೂ ಇಲ್ಲಿ ಕೆಲವರು ಅಂದಿದ್ದರು. ಹಾಕಿದೆ, ಉತ್ತರ ಬರಲಿಲ್ಲ.

ಕೊರತೆ ಮಾತ್ರ ಸುಳ್ಳಲ್ಲ. ಆದರೆ ಅಲ್ಲಿ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ ಅಂತ, ಹೊರಗಿನಿಂದ ಬರುವವರ ಕೌಶಲ ಅಳೆಯುವ ಸರ್ಕಾರಿ ಸಂಸ್ಥೆ ಇದೆ. ಅದು ಕೆಲಸದ ಅನುಭವಕ್ಕೆ ಸಂಬಳದ ದಾಖಲೆ ಕೇಳುತ್ತದೆ. ತಮ್ಮ ಸಿಕ್ಕಿಕೊಂಡದ್ದು ಅಲ್ಲೇ. ಎಂಟು ವರ್ಷ ದೇವಿಮನೆ ಘಟ್ಟ ಹತ್ತಿ ಬಂದ ಲಾರಿಗಳ ಕ್ಲಚ್ ಪ್ಲೇಟ್ ಬದಲಿಸಿದವನು. ಸಂಬಳ? ಪ್ರತಿ ಶನಿವಾರ ಗ್ರೀಸ್ ಹತ್ತಿದ ಕೈಗೇ ನೋಟು. ಬ್ಯಾಂಕಿನಲ್ಲಿ ಒಂದು ಎಂಟ್ರಿ ಇಲ್ಲ!

ಈ ತಿಂಗಳಿಂದ ಗ್ಯಾರೇಜ್ ಮಾಲೀಕರು ಖಾತೆಗೇ ಹಾಕುತ್ತಿದ್ದಾರೆ. ಐಟಿಐ ಸರ್ಟಿಫಿಕೇಟನ್ನು ಆಯಿ ಟ್ರಂಕಿನಿಂದ ತೆಗೆದಿಟ್ಟಿದ್ದಾಳೆ. ಒಂದು ಮೂಲೆ ಗೆದ್ದಲು ತಿಂದಿದೆ, ಪುಣ್ಯಕ್ಕೆ ನಂಬರ್ ಓದಲು ಬರುತ್ತೆ.