ಮೊದಲನೇ ಸಲ ಗಾಂಜಾ ಕೇಸು: ಒಪ್ಕೊಂಡು ದಂಡ ಕಟ್ಟಿಬಿಡೋದಾ? ಅನುಭವ ಇದ್ದೋರು ಹೇಳ್ರಿ

ಕೇಳಿದವರು, ದಾವಣಗೆರೆ

ನನ್ನ ತಮ್ಮಂಗೆ 21 ವರ್ಷ, ಇಲ್ಲೇ ಇಂಜಿನಿಯರಿಂಗ್ ಕೊನೇ ವರ್ಷ. ಹೋದ ತಿಂಗಳು ಹರಿಹರದಿಂದ ಫ್ರೆಂಡ್ ಬೈಕಲ್ಲಿ ಬರೋವಾಗ ಪೊಲೀಸ್ರು ನಿಲ್ಸಿ ಚೆಕ್ ಮಾಡಿದಾರೆ, ಇವನ ಬ್ಯಾಗಲ್ಲಿ 60 ಗ್ರಾಂ ಗಾಂಜಾ ಸಿಕ್ಕಿದೆ. ಹಿಂದೆ ಯಾವ ಕೇಸೂ ಇಲ್ಲ. ಬೇಲ್ ಆಗಿದೆ, ಮನೇಲೇ ಇದಾನೆ, ಯಾರ ಹತ್ರನೂ ಸರಿಯಾಗಿ ಮಾತಾಡ್ತಿಲ್ಲ. ಅಪ್ಪಾಜಿಗೆ ಕೋರ್ಟ್ ಹತ್ರ ಪರಿಚಯ ಇರೋರು ಒಬ್ರು "ಚಾರ್ಜ್‌ಶೀಟ್ ಆಗಿ ಕರೆದ ದಿನಾನೇ ತಪ್ಪಾಯ್ತು ಅಂತ ಒಪ್ಕೊಂಬಿಡ್ಲಿ, ದಂಡ ಹಾಕ್ತಾರೆ, ಕಟ್ಟಿ ಮನೆಗೆ ಬನ್ನಿ" ಅಂದಿದಾರೆ. ಅಪ್ಪಾಜಿಗೆ ಮರ್ಯಾದೆ ಪ್ರಶ್ನೆ, ಬೇಗ ಮುಗಿದ್ರೆ ಸಾಕಾಗಿದೆ. ನಂಗೆ ಭಯ, ಅವ್ನು ಕೆಪಿಎಸ್‌ಸಿ ಬರೀಬೇಕು ಅಂತ ಓದ್ತಿದ್ದ. ನಿಮ್ಮ ಮನೆಗಳಲ್ಲಿ ಇಂಥದ್ದು ಆಗಿದ್ರೆ ಕೋರ್ಟಲ್ಲಿ ಏನ್ ಶಿಕ್ಷೆ ಕೊಟ್ರು, ಜೈಲಾಗುತ್ತಾ, ಆಮೇಲೆ ಏನೇನಾಯ್ತು, ದಯವಿಟ್ಟು ಹೇಳಿ.

ಚಿತ್ರದುರ್ಗದಿಂದ ಒಬ್ರು

ತಂಗೀ, ಇದನ್ನ ನಿಮ್ಮ ಅಪ್ಪಾಜಿಗೆ ಓದಿ ಹೇಳಮ್ಮ. ದಂಡ ಕಟ್ಟಿದ್ರೆ ಮುಗೀತು ಅನ್ನೋದು ಅವತ್ತೊಂದು ದಿನಕ್ಕೆ ಮಾತ್ರ ನಿಜ. ಒಪ್ಕೊಂಡ್ರೆ ಅಪರಾಧಿ ಅಂತ ತೀರ್ಪು ಬರುತ್ತೆ, ದಂಡ ಹತ್ತು ಸಾವಿರ ಇರ್ಲಿ ಐನೂರು ಇರ್ಲಿ, ತೀರ್ಪು ತೀರ್ಪೇ.

ನಮ್ಮಕ್ಕನ ಮಗಂದು ಇದೇ ಥರ ಕೇಸು. ಕಾಲೇಜು ಹುಡುಗ, ಕವರಲ್ಲಿ ಸೊಪ್ಪು ಇಟ್ಕಂಡು ನಿಂತಿದ್ದಾಗ ಸಿಕ್ಕಿಬಿದ್ದ. ನಮ್ಮ ಭಾವನೂ ನಿಮ್ಮ ಅಪ್ಪಾಜಿ ಥರಾನೇ, ಊರಿಗೆಲ್ಲ ಗೊತ್ತಾಗೋದ್ರೊಳಗೆ ಮುಗಿಸ್ರಿ ಅಂತ ಒಂದೇ ಸಮ. ಕೋರ್ಟಿಗೆ ನಾನೂ ಹೋಗಿದ್ದೆ. ನಮ್ಮ ಕೇಸು ಕೂಗೋಕೆ ಮುಂಚೆ ಇನ್ನೊಬ್ಬ ಹುಡುಗಂದು ನಡೀತು. ಜಡ್ಜ್ ಸಾಹೇಬ್ರು ಆರೋಪ ಓದಿ ಹೇಳಿ "ಒಪ್ಕೊಂತೀಯೇನಪ್ಪ" ಅಂದ್ರು, ಅವನು ತಲೆ ಆಡಿಸಿದ, "ಬಾಯಿಬಿಟ್ಟು ಹೇಳು" ಅಂದ್ರು, "ಹೌದು ಸಾರ್" ಅಂದ, ದಂಡ ಬರೆದ್ರು, ಕಟ್ಟಿ ರಸೀದಿ ಜೇಬಿಗೆ ಹಾಕ್ಕಂಡು ಹೋದ. ಒಂದು ಚಾ ಕುಡಿಯೋ ಹೊತ್ತೂ ಹಿಡೀಲಿಲ್ಲ. ಅವನ ಜೊತೆ ವಕೀಲ್ರು ಇರ್ಲಿಲ್ಲ, ಮನೆಯೋರೂ ಇರ್ಲಿಲ್ಲ, ಈಗ್ಲೂ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ಭಾವ ನನ್ನ ಮುಖ ನೋಡಿ ನಾವೂ ಹಿಂಗೇ ಮಾಡಣ ಅಂದ್ರು. ನಮ್ಮ ಪುಣ್ಯಕ್ಕೆ ವಕೀಲ್ರು ಒಪ್ಲಿಲ್ಲ.

ಅವರು ಹುಡುಗನ್ನ ಒಬ್ಬನ್ನೇ ಕೂರಿಸ್ಕಂಡು ಕೇಳಿದ್ರು, ಎಷ್ಟು ದಿನದಿಂದ ಸೇದ್ತೀಯಾ, ದಿನಾ ಬೇಕಾ, ಬಿಟ್ರೆ ನಿದ್ದೆ ಬರುತ್ತಾ, ಸಿಟ್ಟು ಬರುತ್ತಾ ಅಂತ. ಅಮ್ಮನ ಮುಂದೆ ಒಂದು ಸಲನೂ ಬಾಯಿ ಬಿಡದಿದ್ದೋನು ಅವರ ಹತ್ರ ಎಲ್ಲ ಹೇಳ್ದ, ಪಿಯುಸಿಯಿಂದ ನಡೀತಿತ್ತಂತೆ. ಆಮೇಲೆ ಅವರು ಹೇಳಿದ್ದು, ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕ ವಸ್ತು ಕೇಸಿನ ಕಾಯ್ದೆಲೇ 64ಎ ಅಂತ ಒಂದು ಕಲಂ ಐತೆ, ಚಟ ಹತ್ತಿರೋನು ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕಿ, ತಾನಾಗೇ ಮುಂದೆ ಬಂದು ಸರ್ಕಾರಿ ಇಲ್ಲಾಂದ್ರೆ ಸರ್ಕಾರ ಮಾನ್ಯ ಮಾಡಿರೋ ಆಸ್ಪತ್ರೇಲಿ ಚಿಕಿತ್ಸೆ ಪೂರ್ತಿ ತಗಂಡ್ರೆ ಅವನ ಮೇಲೆ ಕೇಸು ನಡೆಸಂಗಿಲ್ಲ ಅಂತ. ಜಿಲ್ಲಾಸ್ಪತ್ರೆ ಮನೋರೋಗ ವಿಭಾಗಕ್ಕೆ ಕರ್ಕಂಡು ಹೋದ್ವಿ, ಓಪಿ ಚೀಟಿಯಿಂದ ಹಿಡಿದು ಪ್ರತಿ ಸಲ ಡಾಕ್ಟ್ರು ಬರೆದಿದ್ದೆಲ್ಲ ಒಂದು ಫೈಲ್ ಮಾಡಿ ಇಟ್ವಿ, ವಕೀಲ್ರು ಅದನ್ನ ಕೋರ್ಟಿಗೆ ಹಾಕಿ ಅರ್ಜಿ ಕೊಟ್ರು. ಡೇಟ್ ಮೇಲೆ ಡೇಟ್ ಬಿತ್ತು, ಭಾವನ ಬಾಯಿಂದ ಬೈಗುಳ ತಿಂದಿದ್ದು ಲೆಕ್ಕ ಇಲ್ಲ, ಆದ್ರೆ ಕೊನೆಗೆ ಅಪರಾಧಿ ಅಂತ ಅನ್ನಿಸ್ಕಳ್ದೇ ಹೊರಗೆ ಬಂದ. ಒಂದೇ ಷರತ್ತು, ಚಿಕಿತ್ಸೆ ಅರ್ಧಕ್ಕೆ ಬಿಟ್ರೆ ಈ ರಕ್ಷಣೆ ವಾಪಸ್ ತಗಳ್ತಾರೆ. ಕೇಸಿಗೋಸ್ಕರ ನಾಟಕ ಮಾಡೋಕೆ ಹೋಗಬೇಡಿ, ನಿಜವಾಗ್ಲೂ ಚಟ ಐತೆ ಅಂತ ಡಾಕ್ಟ್ರಿಗೆ ಅನಿಸಬೇಕು.

ಹರಿಹರದಿಂದ

ಅಣ್ಣಾರು ಹೇಳಿದ್ದು ಸರಿ, ಆದ್ರೆ ಎಲ್ರಿಗೂ ಒಂದೇ ದಾರಿ ಆಗಲ್ಲ ನೋಡ್ರಿ. ನಮ್ಮ ಓಣಿ ಹುಡುಗ ಹಮಾಲಿ ಕೆಲಸ, ಜಾಮೀನಿಗೆ ಯಾರೂ ನಿಲ್ಲದೇ ಒಳಗೇ ಇದ್ದ. ಅವನು ಒಪ್ಕೊಂಡ, ಒಳಗಿದ್ದ ದಿನಗಳನ್ನೇ ಶಿಕ್ಷೆ ಅಂತ ಲೆಕ್ಕ ಹಿಡಿದು ಬಿಟ್ಟು ಕಳಿಸಿದ್ರು. ದಿನಗೂಲಿ ಬಿಟ್ಟು ತಿಂಗಳು ತಿಂಗಳು ಕೋರ್ಟಿಗೆ ಅಲೆಯೋದು ಅವನ ಕೈಲಿ ಆಗ್ತಿರ್ಲಿಲ್ಲ. ಆದ್ರೆ ಜೈಲಲ್ಲಿದ್ದೋರಿಗೆ ವಕೀಲ್ರು ಪುಕ್ಕಟೆ ಸಿಗ್ತಾರೆ ಅನ್ನೋದು ಅವನಿಗೆ ಯಾರೂ ಹೇಳಿರ್ಲಿಲ್ಲ, ಸಂಕಟ ಆಗೋದು ಅದಕ್ಕೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಇರುತ್ತೆ, 15100ಕ್ಕೆ ಫೋನ್ ಮಾಡಿದ್ರೂ ಆಯ್ತು. ದುಡ್ಡಿಲ್ಲ ಅಂತ ಯಾರೂ ಒಬ್ರೇ ಹೋಗಿ ಕಟಕಟೇಲಿ ನಿಲ್ಲಬೇಡ್ರಪ್ಪ.

ದಾವಣಗೆರೆ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡೋರು

ಅಕ್ಕಾ, ನಾನು ಇಲ್ಲೇ ವಕೀಲ. ನಿಮ್ಮ ಕೇಸಿನ ಪೇಪರ್ ನೋಡದೇ ಪೂರ್ತಿ ಹೇಳೋಕಾಗಲ್ಲ, ಆದ್ರೂ ಇಷ್ಟು ತಿಳ್ಕೊಂಡಿರಿ. ಗಾಂಜಾದಲ್ಲಿ 1 ಕೆಜಿಗಿಂತ ಕಡಿಮೆ ಇದ್ರೆ ಸಣ್ಣ ಪ್ರಮಾಣ, 20 ಕೆಜಿಗಿಂತ ಜಾಸ್ತಿ ಇದ್ರೆ ವಾಣಿಜ್ಯ ಪ್ರಮಾಣ. 60 ಗ್ರಾಂ ಅಂದ್ರೆ ಸಣ್ಣದೇ. 20(ಬಿ) ಪ್ರಕಾರ ಗರಿಷ್ಠ 1 ವರ್ಷ ಕಠಿಣ ಸಜೆ, ಇಲ್ಲಾಂದ್ರೆ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2014ರ ತಿದ್ದುಪಡಿಗೆ ಮುಂಚೆ ಇದು 6 ತಿಂಗಳಿತ್ತು. ಕನಿಷ್ಠ ಇಷ್ಟು ಕೊಡ್ಲೇಬೇಕು ಅಂತ ಇಲ್ಲ, ಹಂಗಾಗಿ ದಂಡ ಮಾತ್ರ ಹಾಕೋಕೆ ಅವಕಾಶ ಇದೆ. ಬೇಲಿಗೆ ತುಂಬ ಕಷ್ಟ ಅಂತ ಟಿವಿಲಿ ಹೇಳ್ತಾರಲ್ಲ 37ನೇ ಕಲಂ, ಅದು ಸಣ್ಣ ಪ್ರಮಾಣಕ್ಕೆ ಬರಲ್ಲ.

ಈಗ ಮುಖ್ಯ ವಿಷಯ. ಮೊದಲ ಸಲ ತಪ್ಪು ಮಾಡಿದೋರನ್ನ ಬುದ್ಧಿ ಹೇಳಿ ಬಿಡೋ 1958ರ ಪ್ರೊಬೇಷನ್ ಕಾಯ್ದೆ ಇದೆಯಲ್ಲ, ಬೇರೆ ಸಣ್ಣ ಕೇಸುಗಳಲ್ಲಿ ನಾವು ಕೇಳೋದು ಅದನ್ನೇ, ಆದ್ರೆ ಎನ್‌ಡಿಪಿಎಸ್ 33ನೇ ಕಲಂ ಅದನ್ನ ತಡೆಯುತ್ತೆ. 18 ವರ್ಷದ ಒಳಗಿನವರಿಗೆ, ಇಲ್ಲಾಂದ್ರೆ 26 ಮತ್ತು 27ನೇ ಕಲಂ ಕೇಸಿಗೆ ಮಾತ್ರ ಸಿಗೋದು. 27 ಅಂದ್ರೆ ಸೇವನೆ, ಗಾಂಜಾಗೆ ಅದರಲ್ಲಿ ಗರಿಷ್ಠ 6 ತಿಂಗಳು ಅಥವಾ 10,000 ದಂಡ ಅಥವಾ ಎರಡೂ. ಹತ್ರ ಇಟ್ಕೊಂಡಿದ್ದ ಅಂದ್ರೆ 20. ಅದಕ್ಕೇ ಚಾರ್ಜ್‌ಶೀಟಲ್ಲಿ ಯಾವ ಕಲಂ ಬಿದ್ದಿದೆ ಅಂತ ಮೊದ್ಲು ನೋಡಿ, ತಂದೋರ ಹತ್ರ ಕೇಳಿ ನಂಬಬೇಡಿ, ಕಣ್ಣಾರೆ ಓದಿ.

ಇದಲ್ಲದೇ 39ನೇ ಕಲಂ ಇದೆ. ಚಟ ಇರೋನು 27ರಲ್ಲಾಗ್ಲಿ ಸಣ್ಣ ಪ್ರಮಾಣದ ಕೇಸಲ್ಲಾಗ್ಲಿ ತಪ್ಪಿತಸ್ಥ ಅಂತ ಆದ್ಮೇಲೂ, ಅವನು ಒಪ್ಪಿದ್ರೆ, ಕೋರ್ಟು ತಕ್ಷಣ ಶಿಕ್ಷೆ ಹಾಕದೇ ಚಿಕಿತ್ಸೆಗೆ ಕಳಿಸಬಹುದು, ವರದಿ ನೋಡಿ ಆಮೇಲೆ ಮುಚ್ಚಳಿಕೆ ಬರೆಸ್ಕೊಂಡು ಬಿಡಬಹುದು, ಆ ಮುಚ್ಚಳಿಕೆ 3 ವರ್ಷದವರೆಗೂ ಇರಬಹುದು. 64ಎ ಕೇಳ್ಕೊಂಡ್ರೆ ತೀರ್ಪಿನ ತನಕನೇ ಹೋಗಲ್ಲ, ಆದ್ದರಿಂದ ಅದನ್ನ ಮೊದ್ಲು ಕೇಳಬೇಕು. ಒಪ್ಕೊಂಡ ಮೇಲೆ ಅಪೀಲು ಹೋಗ್ತೀನಿ ಅಂದ್ರೆ ಶಿಕ್ಷೆ ಜಾಸ್ತಿ ಆಯ್ತು ಇಲ್ಲಾ ಕಾನೂನು ಪ್ರಕಾರ ಇಲ್ಲ ಅಂತ ಮಾತ್ರ ಹೋಗಬಹುದು, ನಾನು ಮಾಡೇ ಇಲ್ಲ ಅಂತ ಹೋಗೋಕಾಗಲ್ಲ. ಇನ್ನೊಂದು ಸಲ ಸಿಕ್ಕಿ ಶಿಕ್ಷೆ ಆದ್ರೆ 31ನೇ ಕಲಂ ಪ್ರಕಾರ ಗರಿಷ್ಠ ಅವಧಿ ಒಂದೂವರೆ ಪಟ್ಟು ಆಗುತ್ತೆ, ಆಗ ಈ ಮೊದಲ್ನೇ ತೀರ್ಪು ಎದುರಿಗೆ ಬಂದು ನಿಲ್ಲುತ್ತೆ.

ಗೆಜೆಟೆಡ್ ಆಫೀಸರ್ ಎದುರಿಗೆ ಚೆಕ್ ಮಾಡಿಲ್ಲ, ಕೇಸು ಬಿದ್ದೋಗುತ್ತೆ ಅಂತ ಯಾರಾದ್ರೂ ಧೈರ್ಯ ಹೇಳಿದ್ರೆ ಅದರ ಮೇಲೆ ಕೂರಬೇಡಿ. 50ನೇ ಕಲಂ ಮೈ ತಪಾಸಣೆಗೆ, ಬ್ಯಾಗಿಗೆ ಅನ್ವಯ ಆಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ಹಿರಿಯೂರಿಂದ ಒಬ್ಬ ತಾಯಿ

ಮಗಳೇ, ಕೋರ್ಟಿನ ವಿಷಯ ತಿಳಿದೋರು ಹೇಳಿದಾರೆ. ನಾನು ಹುಡುಗನ ಬಗ್ಗೆ ಹೇಳ್ತೀನಿ. ಮಾತಾಡ್ತಿಲ್ಲ ಅಂದ್ಯಲ್ಲ, ಅದನ್ನ ಹಂಗೇ ಬಿಡಬೇಡ. ನನ್ನ ಮಗ ಬಿಟ್ಟ ಮೊದಲನೇ ವಾರ ರಾತ್ರಿ ಪೂರ್ತಿ ನಿದ್ದೆ ಇಲ್ಲ, ಅನ್ನ ಮುಂದಿಟ್ರೆ ತಟ್ಟೆ ತಳ್ಳೋನು, ಸಣ್ಣ ಮಾತಿಗೂ ಎಗರಾಡೋನು. ಸೊಕ್ಕು ಅಂತ ಅವರಪ್ಪ ಹೊಡೆಯೋಕೆ ಹೋಗಿದ್ರು. ಡಾಕ್ಟ್ರು ಹೇಳಿದ ಮೇಲೆ ತಿಳೀತು, ದಿನಾ ಸೇದೋರು ನಿಲ್ಸಿದಾಗ ಹಿಂಗಾಗುತ್ತಂತೆ, ಮೊದಲ ವಾರ ಜೋರು, ಆಮೇಲೆ ಇಳಿಯುತ್ತೆ. ಇದಕ್ಕೇ ಅಂತ ಒಂದು ಮಾತ್ರೆ ಇಲ್ಲ, ಕೂರಿಸಿ ಮಾತಾಡ್ಸೋದೇ ಮುಖ್ಯ ಚಿಕಿತ್ಸೆ. ದಾವಣಗೆರೇಲಿ ಚಿಗಟೇರಿ ಆಸ್ಪತ್ರೆ ಐತಲ್ಲ, ಅಲ್ಲಿಗೆ ಕರ್ಕೊಂಡು ಹೋಗು. ಹೋಗೋಕೆ ಮುಂಚೆ ಫೋನಲ್ಲಿ ಮಾತಾಡ್ಬೇಕು ಅಂದ್ರೆ ಚಟ ಬಿಡ್ಸೋ ಸಹಾಯವಾಣಿ 14446, ಮನಸ್ಸಿಗೆ ಬೇಜಾರಿದ್ರೆ ಟೆಲಿಮಾನಸ್ 14416, ಎರಡೂ ದುಡ್ಡಿಲ್ಲದೇ ಸಿಗುತ್ತೆ, ಟೆಲಿಮಾನಸ್‌ನೋರು ಕನ್ನಡದಲ್ಲೇ ಮಾತಾಡ್ತಾರೆ. ಕೇಸಿಗೆ ಬೇಕು ಅಂತ ಅಲ್ಲ, ಹುಡುಗ ಬೇಕು ಅಂತ ಹೋಗ್ರಮ್ಮ.

ಬೆಂಗಳೂರಲ್ಲಿರೋ ಚಳ್ಳಕೆರೆಯೋನು

ಕೆಲಸದ ಬಗ್ಗೆ ಕೇಳಿದ್ರಲ್ಲ. ನನ್ನ ರೂಮ್‌ಮೇಟ್ ಇದೇ ಥರ ಒಪ್ಕೊಂಡು ದಂಡ ಕಟ್ಟಿದ್ದ. ಆಮೇಲೆ ಸರ್ಕಾರಿ ಕೆಲಸಕ್ಕೆ ಆಯ್ಕೆ ಆಗಿ ವೆರಿಫಿಕೇಶನ್ ಫಾರ್ಮ್ ಬಂತು, ನಿಮ್ಮ ಮೇಲೆ ಕೇಸು ಇತ್ತಾ, ಶಿಕ್ಷೆ ಆಗಿತ್ತಾ ಅಂತ ಕಾಲಂ. ಅವನ ಕೈ ನಡುಗ್ತಿತ್ತು, ಇಲ್ಲ ಅಂತ ಬರೆದುಬಿಡ್ಲಾ ಅಂತ ಕೇಳ್ದ, ನಾವು ಬೇಡ ಅಂದ್ವಿ. 2016ರಲ್ಲಿ ಅವತಾರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ, ಕೊಟ್ಟ ಮಾಹಿತಿ ನಿಜ ಇರಬೇಕು, ಮುಚ್ಚಿಡಬಾರದು, ನಿಜ ಹೇಳಿದ್ರೂ ಇಲಾಖೆ ಹಿನ್ನೆಲೆ ನೋಡಿ ತೀರ್ಮಾನ ಮಾಡಬಹುದು, ತೀರಾ ಸಣ್ಣ ವಿಷಯ ಆದ್ರೆ ಮನ್ನಾ ಮಾಡಬಹುದು. ನಿಜ ಬರೆದ. ವಿವರಣೆ ಕೇಳಿದ್ರು, ತೀರ್ಪಿನ ಸರ್ಟಿಫೈಡ್ ಕಾಪಿ ಕೇಳಿದ್ರು, ತಿಂಗಳುಗಟ್ಟಲೆ ಎಳೆದ್ರು, ಅಷ್ಟೊತ್ತಿಗೆ ಅವನು ಬೇಸತ್ತು ಪ್ರೈವೇಟ್ ಸೇರ್ಕೊಂಡ. ಐದು ಸಾವಿರ ದಂಡದ ಬೆಲೆ ಅವನು ಕಟ್ಟಿದ್ದು ಆವಾಗ. ಪಾಸ್‌ಪೋರ್ಟೂ ಅಷ್ಟೇ, ಕೇಸು ನಡೀತಿರೋವಾಗ ಕೋರ್ಟಿನ ಅನುಮತಿ ಇಲ್ಲದೇ ಕೊಡಲ್ಲ, ಹೊರದೇಶದ ಪ್ಲಾನ್ ಇದ್ರೆ ವಕೀಲ್ರಿಗೆ ಮೊದ್ಲೇ ಹೇಳಿಡಿ.

ಮೊಳಕಾಲ್ಮೂರು ಕಡೆಯೋರು

ಹೊಲದಲ್ಲಿ ಗಿಡ ಬೆಳೆದ ಕೇಸಿಗೂ ಇದೇನಾ ಅಂತ ಕೆಲವ್ರು ಕೇಳ್ತಾರೆ, ಅದು ಬೇರೆ ರೀ. ಬೆಳೆಯೋದು 20(ಎ), 10 ವರ್ಷದವರೆಗೂ ಶಿಕ್ಷೆ, 1 ಲಕ್ಷದವರೆಗೂ ದಂಡ. ಇನ್ನೊಂದು, ಕಾಯ್ದೇಲಿ ಗಾಂಜಾ ಅಂದ್ರೆ ಹೂವು ಕಾಯಿ ಬಿಟ್ಟ ತುದಿ, ತುದಿ ಇಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರಲ್ಲ. ಮಹಜರಲ್ಲಿ ಎಲ್ಲಾ ಒಟ್ಟಿಗೆ ತೂಕ ಹಾಕಿ ಒಂದು ಕೆಜಿ ದಾಟಿಸಿದ್ರೆ 1 ವರ್ಷದ ಕೇಸು 10 ವರ್ಷದವರೆಗಿನ ಕೇಸಾಗುತ್ತೆ, ಅಂಥೋರು ತೂಕದ ವಿಷಯ ವಕೀಲ್ರ ಹತ್ರ ಖಂಡಿತ ಎತ್ತಿ.

ಕೇಳಿದವರು

ಎಲ್ರಿಗೂ ಕೈ ಮುಗಿದು ಧನ್ಯವಾದ. ಅಪ್ಪಾಜಿಗೆ ಓದಿ ಹೇಳ್ದೆ, ಪೂರ್ತಿ ಒಪ್ಪಿಲ್ಲ, ಆದ್ರೆ ವಕೀಲ್ರನ್ನ ನೋಡೋಣ ಅಂದ್ರು. ತಮ್ಮನೂ ನಿನ್ನೆ ರಾತ್ರಿ ಸ್ವಲ್ಪ ಮಾತಾಡ್ದ, ದಿನಾ ಅಲ್ಲ, ವಾರಕ್ಕೆ ಎರಡು ಮೂರು ಸಲ ಅಂತಾನೆ. ಅದು ಚಟ ಅಂತ ಆಗುತ್ತಾ? ಚಾರ್ಜ್‌ಶೀಟ್ ಕಾಪಿ ಯಾರನ್ನ ಕೇಳ್ಬೇಕು?

ದಾವಣಗೆರೆ ವಕೀಲರು

ಅಕ್ಕಾ, ಚಟ ಹೌದೋ ಅಲ್ವೋ ಅಂತ ನಾನೂ ಹೇಳಂಗಿಲ್ಲ ನೀವೂ ಹೇಳಂಗಿಲ್ಲ, ಡಾಕ್ಟ್ರು ನೋಡಿ ಬರೀಲಿ. ಅಲ್ಲ ಅಂತ ಬರೆದ್ರೆ 64ಎ, 39 ಎರಡೂ ಕಷ್ಟ. ಆಗ ಸಾಕ್ಷಿ, ಮಹಜರು, ಎಫ್‌ಎಸ್‌ಎಲ್ (ಸಿಕ್ಕಿದ ಮಾಲು ಪರೀಕ್ಷೆ ಮಾಡೋ ಲ್ಯಾಬ್) ರಿಪೋರ್ಟು ನೋಡಿ ಕೇಸು ನಡೆಸೋದಾ ಅಂತ ಯೋಚ್ನೆ ಮಾಡಬೇಕು, ಅದಕ್ಕೂ ಆತುರದಲ್ಲಿ ಒಪ್ಕೊಳ್ಳಬಾರದು ಅಂತ ಹೇಳಿದ್ದು. ಚಾರ್ಜ್‌ಶೀಟ್ ಕಾಪಿ ಕೋರ್ಟಲ್ಲೇ ಪುಕ್ಕಟೆ ಕೊಡ್ತಾರೆ, ಅದು ಆರೋಪಿ ಹಕ್ಕು. ಕೊಟ್ಟ ದಿನಾನೇ ಒಪ್ಕೊಂತೀಯಾ ಅಂತ ಕೇಳಿದ್ರೆ "ಓದೋಕೆ ಟೈಮ್ ಬೇಕು ಸಾರ್" ಅಂತ ತಮ್ಮನೇ ಕೇಳಬಹುದು. ಅಷ್ಟರಲ್ಲಿ ಎಫ್‌ಐಆರ್ ಮತ್ತೆ ಬೇಲ್ ಆರ್ಡರ್ ಹುಡುಕಿ ಇಟ್ಕೊಳ್ಳಿ, ಯಾವ ವಕೀಲರ ಹತ್ರ ಹೋದ್ರೂ ಮೊದ್ಲು ಕೇಳೋದು ಅದನ್ನೇ.